ಮೇಟಿ ವಿದ್ಯೆಯ ಹೊಸ ವರ್ಷ



ನಮ್ಮ ಜನರಿಗೆ ವರ್ಷವೊಂದಕ್ಕೆ ಹಲವು ಆರಂಭಗಳುಂಟು. ಪಂಚಾಂಗದ ವರ್ಷ ಯುಗಾದಿಯಂದು ಮೊದಲಾಗುತ್ತದೆ. ಸರ್ಕಾರದ ಲೆಕ್ಕಪತ್ರದ ವರ್ಷ ಏಪ್ರಿಲ್ ಒಂದರಂದು, ಮಕ್ಕಳ ಶಾಲೆಯ ವರ್ಷ ಮುಂಗಾರಿನ ಹೊತ್ತಿಗೆ. ಒಕ್ಕಲು ಮನೆಯ ವರ್ಷಕ್ಕೆ ಮಾತ್ರ ತಾರೀಖು ಎಂಬುದಿಲ್ಲ. ಯುಗಾದಿಯಂದು ಹೊನ್ನಾರು ಹೂಡಿ ಶಾಸ್ತ್ರವನ್ನು ನೆರವೇರಿಸಿದರೂ, ಹದಮಳೆ ಬಿದ್ದು ನೆಲವು ಬೀಜವನ್ನು ಬೇಡಿದ ದಿನವೇ ಅದರ ನಿಜವಾದ ವರ್ಷಾರಂಭ. ಅದು ರೋಹಿಣಿಯಲ್ಲಿ ಬಂದೀತು, ಆರಿದ್ರೆಯಲ್ಲಿ ಬಂದೀತು, ಕೆಲವು ವರ್ಷ ಪುನರ್ವಸುವಿನವರೆಗೂ ಕಾಯಿಸೀತು.

ಈ ಎರಡು ವರ್ಷಗಳು, ಎಂದರೆ ಪುಸ್ತಕದ ವರ್ಷ ಮತ್ತು ಮಣ್ಣಿನ ವರ್ಷ, ಒಂದೇ ಅಂಗಳದಲ್ಲಿ ಕೂಡುವ ಸ್ಥಳವೊಂದಿದೆ. ಅದು ಕೃಷಿ ವಿದ್ಯೆಯನ್ನು ಕಲಿಸುವ ವಸತಿಶಾಲೆ. ಅಂತಹ ಒಂದು ವಿದ್ಯಾಕೇಂದ್ರಕ್ಕೆ ನಮ್ಮ ಮನೆಯ ಮಗುವೊಂದನ್ನು ಈಚೆಗೆ ಬಿಟ್ಟು ಬಂದೆವು. ಆ ದಿನದಿಂದ ನನ್ನ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ಈ ತಿಂಗಳು ತಮ್ಮ ಮುಂದಿಡುತ್ತೇನೆ. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ಪೆಟ್ಟಿಗೆ ಇಳಿಸಿದ ದಿನ

ನಾನು ಜಕ್ಕೂರಿಗೆ ಬಂದು ನೆಲೆಸಿ ಮೂರು ದಶಕಗಳಾದವು. ಬಂದ ಕಾಲದಲ್ಲಿ ಕೆರೆಯ ಆಚೆಗೆ ರಾಗಿಯ ಹೊಲಗಳೂ ಅವರೆಯ ಸಾಲುಗಳೂ ಇದ್ದವು. ಇಂದು ಆ ನೆಲವೆಲ್ಲ ಬಡಾವಣೆಯಾಗಿದೆ. ವಿಮಾನ ಹಾರಿಸುವುದನ್ನು ಕಲಿಸುವ ಹಳೆಯ ಮೈದಾನವೊಂದು ಇನ್ನೂ ಬಯಲಾಗಿ ಉಳಿದುಕೊಂಡಿದೆ. ಬಳ್ಳಾರಿ ರಸ್ತೆಯನ್ನು ದಾಟಿ ಆಚೆಗೆ ಹೋದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಸ್ತಾರವಾದ ಆವರಣ. ಪಟ್ಟಣವು ಎಲ್ಲ ದಿಕ್ಕಿನಿಂದಲೂ ಒತ್ತಿಕೊಂಡು ಬಂದಿದ್ದರೂ ಅಲ್ಲಿ ಇಂದಿಗೂ ಉಳುಮೆ, ಬಿತ್ತನೆ, ಕೊಯ್ಲು ನಡೆಯುತ್ತಿವೆ.

ನನ್ನ ತಮ್ಮ ತುಮಕೂರು ಸೀಮೆಯ ನಮ್ಮ ಹುಟ್ಟೂರಿನಲ್ಲಿಯೇ ಉಳಿದು ಬೇಸಾಯ ಮಾಡಿಕೊಂಡಿರುವವನು. ಅವನ ಮೊಮ್ಮಗಳಿಗೆ ಕೃಷಿ ಪದವಿಯ ಸೀಟು ಇಲ್ಲಿ ದೊರೆಯಿತು. ಪ್ರವೇಶದ ದಿನ ತಮ್ಮನೂ ಅವನ ಮಗನೂ ಮಗುವನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿಳಿದರು. ಒಂದು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಅವಳ ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿ ಮತ್ತು ರಾಗಿ ಹುರಿಹಿಟ್ಟಿನ ಡಬ್ಬಗಳು. ಅರವತ್ತು ವರ್ಷಗಳ ಹಿಂದೆ ನನ್ನನ್ನು ಮಠದ ವಿದ್ಯಾರ್ಥಿ ನಿಲಯಕ್ಕೆ ಬಿಡಲು ಬಂದಾಗ ನಮ್ಮ ತಂದೆಯವರ ಹೆಗಲ ಮೇಲಿದ್ದ ಗಂಟಿಗೂ ಇದಕ್ಕೂ ಬಹಳ ವ್ಯತ್ಯಾಸವಿರಲಿಲ್ಲ.

ವಿದ್ಯಾರ್ಥಿನಿ ನಿಲಯದ ಬಾಗಿಲಲ್ಲಿ ಅಂದು ತಾಯಂದಿರ ಕಣ್ಣೀರೂ ಇತ್ತು, ತಂದೆಯಂದಿರ ಬುದ್ಧಿವಾದಗಳೂ ಇದ್ದವು. ಒಂದು ಮಾತು ಮಾತ್ರ ಹಲವರ ಬಾಯಲ್ಲಿ ಕೇಳಿಬಂತು: “ಚೆನ್ನಾಗಿ ಓದಿಕೋ, ನಮ್ಮ ಹಾಗೆ ಮಣ್ಣು ಹೊರುವ ಪಾಡು ನಿನಗೆ ಬೇಡ.” ಕೃಷಿಯನ್ನು ಕಲಿಯಲು ಮಗುವನ್ನು ಬಿಟ್ಟು, ಕೃಷಿಯಿಂದ ಪಾರಾಗೆಂದು ಹರಸುವ ಈ ವಿಪರ್ಯಾಸವನ್ನು ಕೇಳಿ ನಾನು ನಗಲಿಲ್ಲ. ಆ ತಂದೆಯಂದಿರ ಅಂಗೈಗಳನ್ನು ನೋಡಿದವರಿಗೆ ನಗು ಬಾರದು.

ಹೆಬ್ಬಾಳದ ವಸತಿಶಾಲೆ

ಈ ಸುತ್ತಿನ ನೆಲಕ್ಕೆ ಕೃಷಿ ವಿದ್ಯೆಯ ನಂಟು ಇಂದಿನದಲ್ಲ. ಜಕ್ಕೂರಿನಿಂದ ಪೇಟೆಯ ಕಡೆಗೆ ಹೊರಟರೆ ಸಿಗುವ ಹೆಬ್ಬಾಳವನ್ನು ಇಂದಿನವರು ಮೇಲುಸೇತುವೆಯ ಹೆಸರಿನಿಂದ ಬಲ್ಲರು. ಅಲ್ಲಿ 1899ರಲ್ಲಿ, ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಷೇತ್ರಕ್ಕಾಗಿ ಕೊಟ್ಟರು. ಡಾ. ಲೇಮನ್ ಎಂಬ ವಿಜ್ಞಾನಿ ಅಲ್ಲಿ ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಪರೀಕ್ಷಿಸುವ ಕೆಲಸಕ್ಕೆ ತೊಡಗಿದರು. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಬಂದು ಸೇರಿದರು. ಮಲೆನಾಡಿನ ಅಡಿಕೆ ತೋಟಗಳನ್ನು ಮಳೆಗಾಲದಲ್ಲಿ ಹಾಳುಮಾಡುತ್ತಿದ್ದ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ನಮ್ಮಲ್ಲಿ ಬಳಕೆಗೆ ತಂದವರು ಇವರೇ. ಆ ಕ್ರಮ ಇಂದಿಗೂ ನಡೆದಿದೆ.

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮರುವರ್ಷವೇ, ಎಂದರೆ 1913ರಲ್ಲಿ, ಹೆಬ್ಬಾಳದಲ್ಲಿ ಮೈಸೂರು ಕೃಷಿ ವಸತಿಶಾಲೆ ಆರಂಭವಾಯಿತು. ಅಲ್ಲಿ ಓದಿದವರಿಗೆ ಕೃಷಿಯಲ್ಲಿ ಲೈಸೆನ್ಷಿಯೇಟ್ ಎಂಬ ಅರ್ಹತೆ ದೊರೆಯುತ್ತಿತ್ತು. ಆ ಶಾಲೆ 1946ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿ, ಮುಂದೆ ಅದರ ಮುಖ್ಯ ನೆಲೆ ಜಕ್ಕೂರಿನ ನೆರೆಯ ಈ ಆವರಣಕ್ಕೆ ಬಂದಿತು. ನಮ್ಮ ಮಗು ಪೆಟ್ಟಿಗೆ ಇಳಿಸಿದ ಜಾಗಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ವಂಶಾವಳಿ ಇದೆ ಎಂಬುದನ್ನು ಅವಳಿಗೆ ಹೇಳಿಯೇ ಕಳುಹಿಸಿದೆ.

ಈ ವಿದ್ಯೆ ನಮ್ಮ ಊಟದ ತಟ್ಟೆಯನ್ನೂ ಮುಟ್ಟಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಬೆಳೆಸಿದರು. ಜನರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಊರ ಅವರೆಯು ಹಗಲು ಕಿರಿದಾಗುವ ಕಾಲ ಬಂದಲ್ಲದೆ ಹೂ ಬಿಡದು. ಆ ಕಟ್ಟಿಗೆ ಒಳಗಾಗದೆ ಬೇರೆ ಋತುಗಳಲ್ಲಿಯೂ ಕಾಯಿ ಕೊಡುವ ಹೆಬ್ಬಾಳ ಅವರೆ ತಳಿಗಳು ಬಂದಮೇಲೆ ಮಾಗಿಯಲ್ಲಿ ಮಾತ್ರ ಕಾಣುತ್ತಿದ್ದ ಅವರೆಕಾಯಿ ಪೇಟೆಗೆ ಇತರ ತಿಂಗಳುಗಳಲ್ಲಿಯೂ ಬರುವಂತಾಯಿತು. ಹೀಗೆ ಯಾವುದೋ ಒಂದು ವರ್ಷ ಯಾವುದೋ ಹಳ್ಳಿಯಿಂದ ಪೆಟ್ಟಿಗೆ ಹೊತ್ತು ಬಂದು ಹಾಸ್ಟೆಲಿನಲ್ಲಿ ಇಳಿದ ಮಕ್ಕಳೇ ಮುಂದೆ ಇಂತಹ ಕೆಲಸಗಳಿಗೆ ಕೈಹಚ್ಚಿದ್ದಾರೆ.

ವಸತಿ ಏಕೆ ಬೇಕು?

ಆ ಮೊದಲ ಶಾಲೆಯ ಹೆಸರಿನಲ್ಲಿ ‘ವಸತಿ’ ಎಂಬ ಪದವಿತ್ತು. ಇದು ದೂರದ ಊರಿನ ಮಕ್ಕಳ ಅನುಕೂಲಕ್ಕಷ್ಟೇ ಎಂದು ತಿಳಿಯಬಾರದು. ವ್ಯಾಕರಣವನ್ನು ಗಂಟೆ ಹೊಡೆದಾಗ ಆರಂಭಿಸಿ ಗಂಟೆ ಹೊಡೆದಾಗ ನಿಲ್ಲಿಸಬಹುದು. ಹಸುವಿನ ಕೆಚ್ಚಲು ಗಂಟೆಯನ್ನು ಕೇಳುವುದಿಲ್ಲ. ರಾತ್ರಿ ಬಿದ್ದ ಮಳೆಯ ಹದ ಮರುದಿನ ಮಧ್ಯಾಹ್ನದ ಬಿಸಿಲಿಗೆ ಆರಿಹೋಗುತ್ತದೆ. ಎಲೆಯ ಅಡಿಯಲ್ಲಿ ಅಡಗಿ ಇರುಳಿನಲ್ಲಿ ಮೇಯುವ ಹುಳುವನ್ನು ಹಗಲು ಹತ್ತು ಗಂಟೆಗೆ ಬಂದವನು ಕಾಣಲಾರ. ಬೆಳೆಯ ಜೊತೆಯಲ್ಲಿ ವಾಸಮಾಡದವನಿಗೆ ಬೆಳೆಯ ಗುಟ್ಟು ತಿಳಿಯದು. ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಹಳ್ಳಿಯೊಂದಕ್ಕೆ ಕಳುಹಿಸಿ, ರೈತರ ನಡುವೆಯೇ ಕೆಲವು ತಿಂಗಳು ಇರಿಸುವ ಕ್ರಮವೂ ಇದೇ ತತ್ತ್ವದ ಮೇಲೆ ನಿಂತಿದೆ.

ಹೊರನಾಡುಗಳಲ್ಲಿಯೂ ಈ ಬಗೆಯ ಯೋಚನೆ ನಡೆದಿದೆ. ಡೆನ್ಮಾರ್ಕ್ ದೇಶದಲ್ಲಿ ಗ್ರುಂಟ್‌ವಿ ಎಂಬ ಧರ್ಮಪಂಡಿತರ ಪ್ರೇರಣೆಯಿಂದ 1844ರಲ್ಲಿ ರೈತರ ಮಕ್ಕಳಿಗಾಗಿ ಮೊದಲ ಜಾನಪದ ಪ್ರೌಢಶಾಲೆ ತೆರೆಯಿತು. ಹೊಲದ ಕೆಲಸ ನಿಲ್ಲುವ ಚಳಿಗಾಲದಲ್ಲಿ ತರುಣರು ಅಂತಹ ಶಾಲೆಗಳಿಗೆ ಬಂದು, ಅಲ್ಲಿಯೇ ಉಂಡು ಮಲಗಿ ಕಲಿತು, ವಸಂತದಲ್ಲಿ ಹೊಲಕ್ಕೆ ಹಿಂದಿರುಗುತ್ತಿದ್ದರು. ಆ ಸಣ್ಣ ದೇಶ ಹೈನಿನ ಸಹಕಾರ ಸಂಘಗಳಿಗೆ ಹೆಸರಾದುದರಲ್ಲಿ ಈ ಶಾಲೆಗಳ ಪಾಲು ಇದೆ ಎಂದು ತಿಳಿದವರು ಹೇಳುತ್ತಾರೆ. ನಾವು ಗಮನಿಸಬೇಕಾದ ಮಾತು ಇಷ್ಟು: ಅಲ್ಲಿ ಓದಲು ಹೋದವನು ಹೊಲಕ್ಕೆ ಹಿಂದಿರುಗುತ್ತಿದ್ದ.

ಇನ್ನೊಂದು ಪ್ರಸಂಗ ನಮ್ಮ ಬೆಂಗಳೂರಿನದೇ. 1927ರಲ್ಲಿ ಮಹಾತ್ಮಾ ಗಾಂಧಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದರು. ಆಗ ಅವರು ಇಲ್ಲಿನ ಹೈನುಗಾರಿಕೆ ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಹೇಳಿಸಿಕೊಂಡರು. ಅಲ್ಲಿನ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಆಗ ಅವರಿಗೆ ಐವತ್ತೇಳು ವಯಸ್ಸು, ದೇಶವೇ ಅವರ ಮಾತಿಗೆ ಕಿವಿಗೊಡುತ್ತಿದ್ದ ಕಾಲ. ಹಸುವಿನ ಮುಂದೆ ಅವರು ಹೊಸ ವಿದ್ಯಾರ್ಥಿಯಾಗಿಯೇ ನಿಂತರು. ಅವರ ಹೆಸರನ್ನು ಹೊತ್ತ ಆವರಣದಲ್ಲಿ ಕಲಿಯಲು ಬಂದ ಮಕ್ಕಳು ನೆನೆಯತಕ್ಕ ವಿನಯ ಇದು.

ಈ ವಿನಯ ಬಾಲ್ಯದಲ್ಲಿ ನನಗೆ ಇರಲಿಲ್ಲ. ನಮ್ಮ ಮಠದಲ್ಲಿ ಹೊಸದಾಗಿ ಬಂದ ಹುಡುಗರೆಲ್ಲರೂ ಶಾಲಾವರ್ಷದ ಮೊದಲ ವಾರ ತೋಟದಲ್ಲಿ ಕಳೆ ಕೀಳಬೇಕಾಗಿತ್ತು, ಗೊಬ್ಬರ ಹೊರಬೇಕಾಗಿತ್ತು. ದಾಸೋಹದ ಅನ್ನ ಎಲ್ಲಿಂದ ಬರುತ್ತದೆಂಬುದು ಉಣ್ಣುವವನಿಗೆ ತಿಳಿದಿರಲಿ ಎಂಬುದು ಗುರುಗಳ ಉದ್ದೇಶ. ನನಗೆ ಶಬ್ದರೂಪಗಳು ಬೇಗ ಬಾಯಿಪಾಠವಾಗುತ್ತಿದ್ದುದರಿಂದ, ಎರಡನೆಯ ವರ್ಷದಲ್ಲಿ ಕಿರಿಯರಿಗೆ ಪಾಠ ಹೇಳಿಕೊಡುವ ನೆಪದಲ್ಲಿ ಆ ಕೆಲಸದಿಂದ ತಪ್ಪಿಸಿಕೊಂಡೆ. ಅದನ್ನು ನನ್ನ ಹೆಗ್ಗಳಿಕೆಯೆಂದೇ ಬಹುಕಾಲ ಭಾವಿಸಿದ್ದೆ. ಕಾಯಕದ ಮಹಿಮೆಯನ್ನು ಕುರಿತು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ಬೇಸಾಯವನ್ನೇ ಕಾಯಕವಾಗಿ ನಡೆಸಿದ ಶರಣ ಒಕ್ಕಲಿಗ ಮುದ್ದಣ್ಣನವರ ಹೆಸರನ್ನು ಗೌರವದಿಂದ ಎತ್ತಿದ್ದೇನೆ. ಆದರೆ ನನ್ನ ಪಾಲಿನ ಹೊಲದಲ್ಲಿ ಒಂದು ಸಾಲು ರಾಗಿಯನ್ನೂ ನಾನು ಬಿತ್ತಲಿಲ್ಲ.

ತಟ್ಟೆಯಲ್ಲಿ ಬೀಜಗಳು

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲು ಇದೆ. ಅದನ್ನು ಬಯಸುವವರು ಮನೆಯಲ್ಲಿ ಬೇಸಾಯವಿದೆಯೆಂಬುದಕ್ಕೆ ದಾಖಲೆ ಕೊಡಬೇಕು. ಜೊತೆಗೆ ಪ್ರಾಯೋಗಿಕ ಪರೀಕ್ಷೆಯೊಂದನ್ನು ಎದುರಿಸಬೇಕು. ಬೀಜ, ಗೊಬ್ಬರ, ಉಪಕರಣ ಮುಂತಾದವನ್ನು ಮುಂದಿಟ್ಟರೆ ಗುರುತಿಸಿ ಹೇಳಬೇಕು.

ಈ ಪರೀಕ್ಷೆಗೆ ನಮ್ಮ ಮೊಮ್ಮಗಳನ್ನು ಸಿದ್ಧಪಡಿಸಿದವನು ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟ ನನ್ನ ತಮ್ಮ. ಸಂಜೆಯ ಹೊತ್ತು ಜಗಲಿಯ ಮೇಲೆ ತಟ್ಟೆಗಳನ್ನು ಹರಡಿ ನವಣೆ, ಸಾಮೆ, ಬರಗು, ಹಾರಕ, ಊದಲು, ಕೊರಲೆಗಳನ್ನು ಬೇರೆ ಬೇರೆ ಹಾಕುತ್ತಿದ್ದನಂತೆ. ಬಳಿಕ ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಹೇಳು ಎನ್ನುತ್ತಿದ್ದನಂತೆ. ಬರಗು ದಪ್ಪ, ನುಣುಪು, ಸಾಮೆ ಸಣ್ಣದು. ಹುಚ್ಚೆಳ್ಳಿಗೂ ಎಳ್ಳಿಗೂ ಆಕಾರವೇ ಬೇರೆ. ಕೂರಿಗೆಯ ಭಾಗಗಳ ಹೆಸರು, ಕುಂಟೆ ಹೊಡೆಯುವ ಕಾಲ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು ಹಾಕುವ ಕಾರಣ, ಇವೆಲ್ಲವೂ ಆ ಜಗಲಿಯ ಪಾಠದಲ್ಲಿ ಬಂದವು. ಸೀಟು ಸಿಕ್ಕಿದ ದಿನ ಮಗು ಮೊದಲು ನಮಸ್ಕರಿಸಿದ್ದು ಅಜ್ಜನ ಪಾದಕ್ಕೆ. ಅದು ಯುಕ್ತವೇ ಆಗಿತ್ತು.

ಪಹಣಿಯ ಪ್ರಶ್ನೆ

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಹೆದ್ದಾರಿ ಹತ್ತಿರವಾದಮೇಲೆ ನಮ್ಮೂರಿನ ಹೊಲಗಳಿಗೆ ಬೆಲೆ ಬಂದಿದೆ. ನಮ್ಮ ಎರಡು ಎಕರೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಕೊಳವೆಬಾವಿಯ ಸಾಲ ತೀರುತ್ತದೆ, ಮೊಮ್ಮಗನ ಇಂಜಿನಿಯರಿಂಗ್ ಓದಿಗೆ ಒದಗುತ್ತದೆ, ಮೊಮ್ಮಗಳ ಮದುವೆಗೂ ಮಿಗುತ್ತದೆ ಎಂಬುದು ತಮ್ಮನ ಲೆಕ್ಕ. ಪಹಣಿ ನಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿರುವುದರಿಂದ ನನ್ನ ಸಹಿ ಬೇಕು. ಕಳೆದ ಸಂಕ್ರಾಂತಿಯ ಹೊತ್ತಿಗೆ ಅವನು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸದೆ “ಆಗಲಿ, ಮಾರಿಬಿಡು” ಎಂದಿದ್ದೆ. ಉಳದವನಿಗೆ ನೆಲದ ಭಾರ ಹೇಗೆ ತಿಳಿದೀತು?

ಪ್ರವೇಶದ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಈ ಮಾತು ಬಂತು. ಮಗು ತಲೆ ಎತ್ತದೆ ಕೇಳಿದಳು: “ದೊಡ್ಡತಾತ, ಹೊಲ ಇದೆ ಅನ್ನೋ ಕಾಗದ ಕೊಟ್ಟಿದ್ದಕ್ಕೆ ನನಗೆ ಸೀಟು ಕೊಟ್ರು. ಅದೇ ಹೊಲ ಮಾರಿಬಿಟ್ರೆ ನಾನು ಕಲಿತಿದ್ದನ್ನ ಎಲ್ಲಿ ಮಾಡಿ ನೋಡಲಿ?”

ತಮ್ಮ ಉತ್ತರ ಕೊಟ್ಟ: “ನೀನು ಆಫೀಸರ್ ಆಗ್ತೀಯ ತಾಯಿ. ಹೊಲ ಕಟ್ಕೊಂಡು ಏನ್ಮಾಡ್ತೀಯ? ನಾಳೆ ಇನ್ನೊಬ್ಬರ ಮನೆಗೆ ಹೋಗೋಳು.”

ಅವಳು ಮತ್ತೆ ಮಾತನಾಡಲಿಲ್ಲ. ನನಗೆ ಮಾತ್ರ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ. ಹೆಣ್ಣುಮಗಳೆಂಬ ಕಾರಣಕ್ಕೆ ಅವಳನ್ನು ಹೊಲದ ಲೆಕ್ಕದಿಂದ ಬಿಡುವಂತಿಲ್ಲ. ನಮ್ಮ ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ಕಾಯಿದೆಯೂ ಮಗಳನ್ನು ಮಗನಿಗೆ ಸಮಾನಳನ್ನಾಗಿ ಮಾಡಿತು. ಕಾಯಿದೆ ಬಂದು ಇಷ್ಟು ಕಾಲವಾದರೂ ನಮ್ಮ ಮನೆಗಳಲ್ಲಿ ‘ಹೊಲ ಗಂಡಿಗೆ, ಒಡವೆ ಹೆಣ್ಣಿಗೆ’ ಎಂಬ ಹಳೆಯ ಎಣಿಕೆ ಅಳಿದಿಲ್ಲ. ಸ್ತ್ರೀಯರಿಗೆ ಸಮಾನ ಸ್ಥಾನವಿತ್ತ ಶರಣರ ಪರಂಪರೆಯವರೆಂದು ಹೇಳಿಕೊಳ್ಳುವ ನಾವು, ಪಹಣಿಯ ಕಲಂ ಮುಂದೆ ಬಂದಾಗ ಆ ಮಾತನ್ನು ಮರೆಯುತ್ತೇವೆ. ಹೆಬ್ಬಾಳದಲ್ಲಿ ಕೃಷಿ ವಿದ್ಯೆಗೆ ಮೊದಲ ಮೂವತ್ತು ಎಕರೆಯನ್ನು ಇತ್ತವರು ಒಬ್ಬ ಸ್ತ್ರೀ ಎಂಬುದು ಆ ರಾತ್ರಿ ನನಗೆ ಮತ್ತೆ ಮತ್ತೆ ನೆನಪಾಯಿತು.

ಬೆಳಿಗ್ಗೆ ಎದ್ದು ತಮ್ಮನಿಗೆ ಹೇಳಿದೆ: “ನಾನು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಮಗುವಿನ ನಾಲ್ಕು ವರ್ಷದ ಓದು ಮುಗಿಯುವ ತನಕ ನನ್ನ ಸಹಿ ಬೀಳುವುದಿಲ್ಲ.” ಅವನಿಗೆ ಕೋಪ ಬಂದಿತು. “ಅಣ್ಣಾ, ನೀವು ಒಂದು ದಿನ ಗುದ್ದಲಿ ಹಿಡಿದವರಲ್ಲ. ಸಾಲದ ಬಡ್ಡಿ ಕಟ್ಟುವವನು ನಾನು” ಎಂದ. ಅದರಲ್ಲಿ ಸುಳ್ಳೇನಿತ್ತು? ಬೇಸಾಯದಲ್ಲಿ ಅವನು ಕಂಡ ನಷ್ಟಗಳನ್ನು ನಾನು ಕಂಡಿಲ್ಲ. ಮಳೆ ಕೈಕೊಟ್ಟ ವರ್ಷ, ಬೆಲೆ ಕುಸಿದ ವರ್ಷ, ಎರಡು ಕೊಳವೆಬಾವಿ ಬತ್ತಿದ ವರ್ಷ, ಇವನ್ನೆಲ್ಲ ಅನುಭವಿಸಿದವನು ಮಾರುತ್ತೇನೆಂದರೆ ಅವನನ್ನು ದೂಷಿಸುವ ಹಕ್ಕು ನನಗಿಲ್ಲ. ಆದುದರಿಂದ ಸಾಲದ ಬಡ್ಡಿಯನ್ನು ಈ ನಾಲ್ಕು ವರ್ಷ ನನ್ನ ಪಿಂಚಣಿಯಿಂದ ಕಟ್ಟುವುದಾಗಿ ಒಪ್ಪಿಕೊಂಡೆ. ಬೋಧನೆಗೆ ಬೆಲೆ ತೆರಬೇಕಾಗಿ ಬಂದುದು ನನ್ನ ಜೀವನದಲ್ಲಿ ಇದೇ ಮೊದಲು.

ತಮ್ಮನ ಅಸಮಾಧಾನ ಪೂರ್ಣವಾಗಿ ಹೋಗಿಲ್ಲ. ಆದರೂ ಹೊಲದ ಮೂಡಣ ಅಂಚಿನ ಅರ್ಧ ಎಕರೆಯನ್ನು ಮೊಮ್ಮಗಳು ಹೇಳಿದಂತೆ ಮಾಡಿ ನೋಡಲು ಬಿಟ್ಟಿದ್ದಾನೆ.

ಮನೆಯವರಿಗೆ ನಾಲ್ಕು ಮಾತು

ಮಕ್ಕಳನ್ನು ಇಂತಹ ವಸತಿಶಾಲೆಗೆ ಕಳುಹಿಸುವ ನಮ್ಮ ಸಮಾಜದ ಕುಟುಂಬಗಳಿಗೆ ಅನುಭವದಿಂದ ಕಂಡ ಕೆಲವು ಮಾತುಗಳನ್ನು ಬಿನ್ನವಿಸುತ್ತೇನೆ.

ಮೊದಲನೆಯದು, ಆರಂಭದ ದಿನಗಳಲ್ಲಿ ಮಗುವನ್ನು ಪದೇ ಪದೇ ಮನೆಗೆ ಕರೆಸಬೇಡಿ. ಮನೆಯ ಹಂಬಲ ಎಲ್ಲರಿಗೂ ಇರುತ್ತದೆ. ಸಹವಾಸಿಗಳೊಡನೆ ಉಂಡು, ಬೆಳಗಿನ ಕ್ಷೇತ್ರಕಾರ್ಯಕ್ಕೆ ಎದ್ದು, ಕೈಗೆ ಬೊಬ್ಬೆ ಬಂದಮೇಲೆ ಅದು ತಾನಾಗಿ ತಗ್ಗುತ್ತದೆ. ಫೋನಿನಲ್ಲಿ “ಊಟ ಆಯಿತೇ” ಎಂದು ಕೇಳಿದ ಹಾಗೆಯೇ “ಇಂದು ಹೊಲದಲ್ಲಿ ಏನು ನೋಡಿದೆ” ಎಂದೂ ಕೇಳಿರಿ.

ಎರಡನೆಯದು, ಮನೆಯಲ್ಲಿ ಹೊಲವಿದ್ದರೆ ಅದರ ಒಂದು ತುಂಡನ್ನು ಮಗುವಿನ ವಶಕ್ಕೆ ಕೊಡಿ. ಹತ್ತು ಗುಂಟೆಯಾದರೂ ಸಾಕು. ಅದರಲ್ಲಿ ನಷ್ಟವಾದರೆ ಅದನ್ನು ಕಾಲೇಜಿನ ಶುಲ್ಕದ ಒಂದು ಭಾಗವೆಂದು ತಿಳಿಯಿರಿ.

ಮೂರನೆಯದು, ಮನೆಯ ಹಿರಿಯ ಬೇಸಾಯಗಾರನ ಮುಂದೆ ಮಗುವೂ, ಮಗುವಿನ ಮುಂದೆ ಹಿರಿಯನೂ ಕುಳಿತುಕೊಳ್ಳಲಿ. ತಟ್ಟೆಯ ಬೀಜದ ಪಾಠ ಅಜ್ಜನದಾದರೆ, ಮಣ್ಣುಪರೀಕ್ಷೆಯ ಪಾಠ ಮೊಮ್ಮಗಳದಾಗಲಿ. ಇಬ್ಬರಲ್ಲಿ ಯಾರೂ ಕಿರಿಯರಲ್ಲ.

ನಾಲ್ಕನೆಯದು, ಓದಿದ ಮಗು ಸರ್ಕಾರಿ ಹುದ್ದೆಗೆ ಹೋದರೆ ಅದೂ ಒಳ್ಳೆಯದೇ. ನೂರು ರೈತರಿಗೆ ಸರಿಯಾದ ಸಲಹೆ ಕೊಡುವ ಅಧಿಕಾರಿಯ ಕೆಲಸ ಸಣ್ಣದಲ್ಲ. ಆದರೆ ಹಿಂದಿರುಗುವ ದಾರಿಯನ್ನು ಮಗುವಿನ ಓದು ಮುಗಿಯುವ ಮೊದಲೇ ನಾವು ಮಾರಿಬಿಡಬಾರದು.

ಮೊದಲ ರಜೆಗೆ ಮೊಮ್ಮಗಳು ಊರಿಗೆ ಹೋಗಿದ್ದಳು. ತಾಯಿಯ ಹತ್ತಿರವೂ ಹೆಚ್ಚು ಹೊತ್ತು ಕೂರದೆ ಗುದ್ದಲಿ ಹಿಡಿದು ಹೊಲಕ್ಕೆ ನಡೆದಳಂತೆ. ಅರ್ಧ ಎಕರೆಯಲ್ಲಿ ಎಂಟು ಕಡೆ, ಮೇಲಿನ ಕಸಕಡ್ಡಿ ಸರಿಸಿ, ಗೇಣಿನಷ್ಟು ಆಳಕ್ಕೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಗುಂಡಿ ತೋಡಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನ ತನಕ ಮಣ್ಣು ಕೆತ್ತಿ ತೆಗೆದಳಂತೆ. ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಟ್ಟು, ಉಳಿದುದನ್ನು ಮತ್ತೆ ಬೆರೆಸಿ ಪಾಲು ಮಾಡಿ, ಕೊನೆಗೆ ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡಳಂತೆ. ಬದುವಿನ ಹತ್ತಿರವೂ ಗೊಬ್ಬರದ ಗುಡ್ಡೆಯ ಹತ್ತಿರವೂ ಮಣ್ಣು ತೆಗೆಯಬಾರದೆಂದು ಅಜ್ಜನಿಗೆ ಹೇಳಿಕೊಟ್ಟಳಂತೆ. ತಮ್ಮ ಬದುವಿನ ಮೇಲೆ ಕುಳಿತು, ಬೇಡವೆನ್ನದೆ ಸಹಾಯಕ್ಕೂ ಏಳದೆ ನೋಡುತ್ತಿದ್ದು, ಕೊನೆಗೆ ಎಂಟನೆಯ ಗುಂಡಿಯನ್ನು ತಾನೇ ತೋಡಿಕೊಟ್ಟನಂತೆ.

ಕಾಲೇಜಿಗೆ ಮರಳುವ ದಾರಿಯಲ್ಲಿ ಅವಳು ಆ ಚೀಲವನ್ನು ನಮ್ಮ ಮನೆಯ ಜಗಲಿಯ ಮೇಲೆ ಒಂದು ರಾತ್ರಿ ಇಟ್ಟಿದ್ದಳು. ಅರವತ್ತು ವರ್ಷಗಳಾದಮೇಲೆ ನಮ್ಮ ಹೊಲದ ಮಣ್ಣನ್ನು ನಾನು ಅಂದು ಕೈಯಲ್ಲಿ ಹಿಡಿದು ನೋಡಿದೆ. ಕೆಂಪಾಗಿತ್ತು, ಸ್ವಲ್ಪ ತೇವವಿತ್ತು. ಪರೀಕ್ಷೆಯ ಫಲಿತಾಂಶ ಇನ್ನೂ ಬರಬೇಕಾಗಿದೆ.

ಈ ವರ್ಷ ವಸತಿಶಾಲೆಗಳ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದ ಎಲ್ಲ ಮಕ್ಕಳಿಗೂ ಗುರುವಿನ ಕೃಪೆ, ಹಿರಿಯರ ಹರಕೆ ಮತ್ತು ಕಾಲಕ್ಕೆ ಸರಿಯಾದ ಮಳೆ ದೊರೆಯಲಿ ಎಂದು ಹಾರೈಸುತ್ತೇನೆ.